ಜಮಖಾನೆಯ ಧರ್ಮಾಧರ್ಮ ವಿಚಾರ

ಅತಿಥಿಯು ಹೊಸ್ತಿಲು ದಾಟಿ ಒಳಗೆ ಬಂದ ಕೂಡಲೆ ಅವನಿಗೆ ಮೊದಲು ಸಲ್ಲತಕ್ಕದ್ದು ಆಸನವು. ದೇವಪೂಜೆಯ ಷೋಡಶೋಪಚಾರಗಳಲ್ಲಿ ಆವಾಹನದ ಬೆನ್ನಿಗೇ ಆಸನವನ್ನು ಹೇಳಿರುವರು. ಪಾದ್ಯ, ಅರ್ಘ್ಯ, ಆಚಮನಗಳು ಅದರ ತರುವಾಯದವು. ಕರೆದವನನ್ನು ನಿಲ್ಲಿಸಿಯೇ ಮಾಡುವ ಸತ್ಕಾರವು ಸತ್ಕಾರವಲ್ಲವೆಂಬದು ಇದರ ತಾತ್ಪರ್ಯ. ಬೀದರ ಜಿಲ್ಲೆಯ ಹಳ್ಳಿಗಳಲ್ಲಿ ಶಾಸ್ತ್ರವನ್ನು ಓದದವರೂ ಈ ಪದ್ಧತಿಯನ್ನು ಬಲ್ಲರು. ಬೀಗರು ಬಂದರೆಂಬ ಸುದ್ದಿ ಮುಟ್ಟುತ್ತಲೆ ಮನೆಯ ಹೆಣ್ಣುಮಗಳು ನೀರಿನ ತಂಬಿಗೆಗಿಂತ ಮುಂಚೆ ಗೂಟದ ಮೇಲಿನ ಕಂಬಳಿಗೆ ಕೈ ಹಾಕುವಳು. ಆದಕಾರಣ ನೆಲಕ್ಕೆ ಹಾಸುವ ವಸ್ತುವನ್ನು ಕುರಿತ ವಿಚಾರವು ಕ್ಷುದ್ರವೆಂದು ಯಾರೂ ಭಾವಿಸಲಾಗದು. ಮನೆಯ ಮರ್ಯಾದೆಯು ಅದರ ಮೇಲೆಯೇ ಕುಳಿತಿರುವದು.

ಹಾಸು ಮೆತ್ತಗಿರುವದೊ ಒರಟಾಗಿರುವದೊ, ಅದರ ಬಣ್ಣ ನಿಲ್ಲುವದೊ ಬಿಡುವದೊ, ಬೆಲೆ ಎಷ್ಟು ಎಂದು ಕೇಳುವದು ಎಲ್ಲರಿಗೂ ಸಹಜವಾದದ್ದು. ಅದು ಎಲ್ಲಿಂದ ಬಂದಿತು, ಕಡೆಗೆ ಎಲ್ಲಿ ಹೋಗಿ ಸೇರುವದು ಎಂಬ ಪ್ರಶ್ನೆಯನ್ನು ಹಿಂದಿನವರು ಕೇಳುತ್ತಿರಲಿಲ್ಲ. ಕೇಳುವ ಕಾರಣವೂ ಇರಲಿಲ್ಲ. ಕುರಿಯ ಮೈಮೇಲಿಂದ ಬಂದದ್ದು ಹೊಲದ ಮಣ್ಣಿಗೆ ಹೋಗುತ್ತಿತ್ತು. ಈಗಲಾದರೋ ಎಸೆದ ಬಾಟಲಿಗಳನ್ನು ಕರಗಿಸಿ ದಾರ ತೆಗೆದು ಮಾಡಿದ ಗಾಲಿಚೆಗಳು ಪೇಟೆಗೆ ಬಂದಿರುವವು. ಇವನ್ನು ಕೊಳ್ಳುವವನು ಹಾಸನ್ನಷ್ಟೇ ಅಲ್ಲದೆ ಸ್ವಲ್ಪ ಪುಣ್ಯವನ್ನೂ ಕೊಂಡಂತೆಯೇ ಎಂದು ಮಾರುವವರು ಸೂಚಿಸುವರು. ಹಾಗಾದರೆ, ಕಸವಾದ ವಸ್ತುವಿಗೆ ಮರುಜನ್ಮ ಕೊಡುವದರಿಂದ ಅದನ್ನು ಕಸವಾಗಿಸಿದ ದೋಷವು ತೊಳೆದುಹೋಗುವದೆ? ಇದೇ ಪ್ರಸ್ತುತ ಲೇಖನದ ವಿಷಯವು.

ಕನ್ನಡ ನಾಡಿನ ಹಾಸುಗಳ ಪರಂಪರೆಯನ್ನು ಮೊದಲು ಸಂಕ್ಷೇಪವಾಗಿ ನೋಡಬೇಕು. ದಖ್ಖನಿ ಕುರಿಯ ಒರಟು ಉಣ್ಣೆಯನ್ನು ಕುರುಬರ ಮನೆಗಳಲ್ಲಿ ನೂತು, ಹುಣಿಸೆ ಬೀಜದ ಗಂಜಿಯನ್ನು ದಾರಕ್ಕೆ ಹಿಡಿಸಿ, ಕುಣಿಮಗ್ಗದಲ್ಲಿ ನೇಯ್ದದ್ದು ಕಂಬಳಿಯು. ಅದು ಮಳೆಗೆ ಕೊಡೆ, ಚಳಿಗೆ ಹೊದಿಕೆ, ಮದುವೆಗೆ ಗದ್ದುಗೆ. ಧಾರವಾಡ ಜಿಲ್ಲೆಯ ನವಲಗುಂದದಲ್ಲಿ ಮುಸಲ್ಮಾನ ಹೆಣ್ಣುಮಕ್ಕಳು ನಿಲುವುಮಗ್ಗದ ಮುಂದೆ ಕುಳಿತು ಹತ್ತಿಯ ಜಮಖಾನೆಗಳನ್ನು ನೇಯುವ ಕಲೆಯನ್ನು ತಲೆಮಾರುಗಳಿಂದ ಉಳಿಸಿಕೊಂಡಿರುವರು. ಆ ಜಮಖಾನೆಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯು ದೊರೆಯಿತು. ಇವೆರಡಕ್ಕೂ ಮಿಗಿಲಾಗಿ ಪ್ರತಿ ಮನೆಯಲ್ಲಿಯೂ ಇರುವದು ಕೌದಿ. ಹರಿದ ಸೀರೆ, ಧೋತರ, ಅಂಗಿಗಳನ್ನು ಪದರ ಪದರವಾಗಿ ಇಟ್ಟು ಅಜ್ಜಿಯರು ಹೊಲಿಯುವ ಈ ಹಾಸಿಗೆಯನ್ನು ಮರಾಠಿ ಆಡುವ ಮನೆಗಳಲ್ಲಿ ಗೋಧಡಿ ಎನ್ನುವರು. ಹೆಸರು ಎರಡಾದರೂ ಹೊಲಿಗೆ ಒಂದೇ.

ವಿಚಾರದ ಸೌಕರ್ಯಕ್ಕಾಗಿ ಔರಾದ ಸೀಮೆಯ ಠಾಣಾ ಕುಶನೂರಿನಲ್ಲಿ ಒಂದು ಒಕ್ಕಲು ಮನೆಯನ್ನು ವಾಚಕರು ಕಲ್ಪಿಸಿಕೊಳ್ಳಬಹುದು. ಕರಿನೆಲದಲ್ಲಿ ತೊಗರಿ, ಸೋಯಾ ಬೆಳೆಯುವ ಸಾಧಾರಣ ಸ್ಥಿತಿಯ ಮನೆ. ಕೊಟ್ಟಿಗೆಯಲ್ಲಿ ದೇವಣಿ ತಳಿಯ ಜೋಡೆತ್ತು. ಪಡಸಾಲೆಗೆ ಶಹಾಬಾದಿ ಫರಸಿ. ಮಾಗಿಯ ಚಳಿಯಲ್ಲಿ ಆ ಕಲ್ಲು ಮಂಜಿನಂತೆ ತಣ್ಣಗಾಗುವದು. ಅದರ ಮೇಲೆ ಅಂಬೆಗಾಲಿಡುವ ಕೂಸೊಂದು ಮನೆಯಲ್ಲಿ ಇರುವದು. ಮಗಳ ಮದುವೆ ಹತ್ತಿರ ಬಂದಿತೆಂದು ಮಗನು ಬೀದರದ ಪೇಟೆಯಿಂದ ಒಂದು ಗಾಲಿಚೆಯನ್ನು ತಂದನು. ಬಳಸಿದ ನೀರಿನ ಬಾಟಲಿಗಳಿಂದ ತಯಾರಾದದ್ದೆಂದು ಅದಕ್ಕೆ ಚೀಟಿ ಅಂಟಿಸಿತ್ತು. ಮನೆಯವರೆಲ್ಲ ಬಣ್ಣವನ್ನು ಮೆಚ್ಚಿದರು. ಅಜ್ಜಿಯು ಅದನ್ನು ಮುಟ್ಟಿ ನೋಡಿ, ಅಂಚನ್ನು ಮಗುಚಿ ನೋಡಿ, "ಹಳೇದಾದ ಮ್ಯಾಲ ಇದಕ ಏನ್ ಮಾಡಬೇಕಪ್ಪಾ?" ಎಂದು ಕೇಳಿದಳು. ಮಗನಿಗೆ ಉತ್ತರ ಹೊಳೆಯಲಿಲ್ಲ. ವಿದ್ವಾಂಸರ ಸಭೆಗಳಲ್ಲಿ ಚರ್ಚಿಸಲ್ಪಡುವ ಪ್ರಶ್ನೆಯೂ ಇದಕ್ಕಿಂತ ಬೇರೆಯಾದದ್ದಲ್ಲ.

ಆ ಗಾಲಿಚೆಯ ವಂಶಾವಳಿಯನ್ನು ಅರಿಯುವದು ಅವಶ್ಯವು. ಅಮೇರಿಕೆಯ ಡ್ಯೂಪಾಂಟ್ ಸಂಸ್ಥೆಯ ಪ್ರಯೋಗಶಾಲೆಯಲ್ಲಿ ವ್ಯಾಲೇಸ್ ಕ್ಯಾರೊದರ್ಸ ಎಂಬ ರಸಾಯನಶಾಸ್ತ್ರಜ್ಞನು 1935ರಲ್ಲಿ ನಾಯಲಾನನ್ನು ಸಿದ್ಧಪಡಿಸಿದನು. 1941ರಲ್ಲಿ ಇಂಗ್ಲಂಡದ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಎಂಬವರು ಪಾಲಿಯೆಸ್ಟರ ನೂಲಿನ ಮೂಲವಸ್ತುವನ್ನು ಕಂಡುಹಿಡಿದರು. ಅದೇ ವಸ್ತುವಿನಿಂದ ಊದಿದ ಬಾಟಲಿಗೆ ನೆಥಾನಿಯಲ್ ವಾಯೆತ್ ಎಂಬವನು 1973ರಲ್ಲಿ ಹಕ್ಕುಪತ್ರವನ್ನು ಪಡೆದನು. ಹೀಗೆ ನೀರಿನ ಬಾಟಲಿಯೂ ಪಾಲಿಯೆಸ್ಟರ ಸೀರೆಯೂ ಒಂದೇ ತಾಯಿಯ ಮಕ್ಕಳು. ಆ ತಾಯಿಯಾದರೂ ಭೂಗರ್ಭದ ಕಲ್ಲೆಣ್ಣೆಯು. ಎಸೆದ ಬಾಟಲಿಗಳನ್ನು ಆಯ್ದು, ಬಣ್ಣದ ಮೇರೆಗೆ ವಿಂಗಡಿಸಿ, ಬಿರಡೆ-ಚೀಟಿಗಳನ್ನು ಬೇರ್ಪಡಿಸಿ, ತೊಳೆದು ಚೂರು ಮಾಡುವರು. ಚೂರುಗಳನ್ನು ಚೆನ್ನಾಗಿ ಒಣಗಿಸಿ ಸುಮಾರು 260 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿ ಕರಗಿಸಿ, ಸಣ್ಣ ರಂಧ್ರಗಳಿಂದ ಒತ್ತಿ ಎಳೆ ತೆಗೆಯುವರು. ಶ್ಯಾವಿಗೆಯ ಒತ್ತಿನಿಂದ ಶ್ಯಾವಿಗೆ ಇಳಿದಂತೆ. ಆ ಎಳೆಯು ಗಾಲಿಚೆಯ ನೂಲಾಗುವದು.

ಈಗ ಪೂರ್ವಪಕ್ಷವನ್ನು ಅದಕ್ಕೆ ಸಲ್ಲುವ ನ್ಯಾಯದಿಂದ ಹೇಳತಕ್ಕದ್ದು. ಬಾಟಲಿಯು ಚರಂಡಿಯಲ್ಲಿ ಬಿದ್ದರೆ ನೂರಾರು ವರ್ಷ ಕೊಳೆಯದು. ಮಾಂಜರಾ ನದಿಗೆ ಹೋದರೆ ಗೋದಾವರಿಗೆ, ಗೋದಾವರಿಯಿಂದ ಸಮುದ್ರಕ್ಕೆ ಹೋಗುವದು. ಅದನ್ನು ಎತ್ತಿ ಹಾಸನ್ನಾಗಿ ಮಾಡಿದವನು ಅಷ್ಟರಮಟ್ಟಿಗೆ ಉಪಕಾರಿಯೇ ಸರಿ. ಕಲ್ಲೆಣ್ಣೆಯಿಂದ ಹೊಸದಾಗಿ ಪಾಲಿಯೆಸ್ಟರ ತಯಾರಿಸುವದಕ್ಕಿಂತ ಹಳೆಯ ಬಾಟಲಿಯಿಂದ ತಯಾರಿಸಲು ಗಣನೀಯವಾಗಿ ಕಡಿಮೆ ಶಕ್ತಿಯು ಸಾಕಾಗುವದು, ಹೊಗೆಯೂ ಕಡಿಮೆ. ಈ ಉದ್ಯೋಗಕ್ಕೆ ರಾಜಮರ್ಯಾದೆಯೂ ದೊರೆತಿರುವದು. 2023ನೆಯ ಫೆಬ್ರುವರಿ 6ರಂದು ಬೆಂಗಳೂರಿನಲ್ಲಿ ಆರಂಭವಾದ ಇಂಡಿಯಾ ಎನರ್ಜಿ ವೀಕ್ ಎಂಬ ಸಮ್ಮೇಳನದಲ್ಲಿ ಇಂಡಿಯನ್ ಆಯಿಲ್ ಸಂಸ್ಥೆಯು ಬಳಸಿದ ಬಾಟಲಿಗಳ ನೂಲಿನಿಂದಾದ ಜಾಕೀಟನ್ನು ಪ್ರಧಾನ ಮಂತ್ರಿ ನರೇಂದ್ರ ಮೋದಿಯವರಿಗೆ ಅರ್ಪಿಸಿತು. ಎರಡು ದಿನಗಳ ತರುವಾಯ ಅವರು ಅದನ್ನು ತೊಟ್ಟು ಪಾರ್ಲಮೆಂಟಿಗೆ ಬಂದರು. ಪ್ರಧಾನಿಯ ಮೈಗೆ ಸಂದದ್ದು ಒಕ್ಕಲಿಗನ ಪಡಸಾಲೆಗೆ ಸಲ್ಲಬಾರದೇಕೆ ಎಂದು ಪೂರ್ವಪಕ್ಷಿಯು ಕೇಳಬಹುದು.

ಇಂಥ ಹಾಸಿನ ಗುಣಗಳನ್ನೂ ಅಲ್ಲಗಳೆಯಲಾಗದು. ಪಾಲಿಯೆಸ್ಟರ ಎಳೆಯು ನೀರನ್ನು ಕುಡಿಯುವದಿಲ್ಲವೆಂದೇ ಹೇಳಬಹುದು. ಸಾಧಾರಣ ಹವೆಯಲ್ಲಿ ಉಣ್ಣೆಯು ತನ್ನ ತೂಕದ ನೂರಕ್ಕೆ ಸುಮಾರು 16 ಪಾಲು, ಹತ್ತಿಯು ಸುಮಾರು 8 ಪಾಲು, ನಾಯಲಾನು ಸುಮಾರು 4 ಪಾಲು ತೇವವನ್ನು ಹಿಡಿದಿಟ್ಟುಕೊಂಡರೆ, ಪಾಲಿಯೆಸ್ಟರು 1 ಪಾಲನ್ನೂ ಹಿಡಿಯದು. ಆದಕಾರಣ ಚಹದ ಕಲೆ, ಸಾರಿನ ಕಲೆ ಅದಕ್ಕೆ ಸುಲಭವಾಗಿ ಹತ್ತದು, ತೊಳೆದರೆ ಬೇಗ ಒಣಗುವದು, ನುಸಿಯು ತಿನ್ನದು. ಆದರೆ ಎಳೆಯ ಬೆನ್ನುಮೂಳೆಯ ಬಲವು ಬೇರೆಯೇ ಮಾತು. ಕಾಲಿನ ಭಾರ ಬಿದ್ದು ಬಾಗಿದ ಮೇಲೆ ಪುನಃ ನೆಟ್ಟಗೆ ನಿಲ್ಲುವ ಶಕ್ತಿಯು ನಾಯಲಾನಿಗೂ ಉಣ್ಣೆಗೂ ಹೆಚ್ಚು, ಪಾಲಿಯೆಸ್ಟರಿಗೆ ಕಡಿಮೆ. ಜನರು ಹೆಚ್ಚಾಗಿ ತಿರುಗಾಡುವ ಕಡೆ ಅದು ಕೆಲವೇ ವರ್ಷಗಳಲ್ಲಿ ಚಪ್ಪಟೆಯಾಗಿ ದಾರಿ ಬಿದ್ದಂತೆ ಕಾಣುವದು. ಕರಗಿಸುವಾಗ ಚೂರುಗಳಲ್ಲಿ ತೇವವುಳಿದರೆ, ಇಲ್ಲವೆ ಬೇರೆ ಜಾತಿಯ ಪ್ಲಾಸ್ಟಿಕ್ ಬೆರೆತರೆ, ಅಣುಗಳ ಉದ್ದವಾದ ಸರಪಳಿಯು ತುಂಡಾಗಿ ನೂಲು ಸೊರಗುವದು. ಚೆನ್ನಾಗಿ ಆಯ್ದು ಒಣಗಿಸಿ ಮಾಡಿದ ನೂಲಾದರೆ ಹೊಸದರ ಜೊತೆಗೆ ನಿಲ್ಲಬಲ್ಲದು. ಮರುಬಳಕೆಯದೆಂಬ ಮಾತ್ರದಿಂದಲೇ ವಸ್ತುವು ಕೀಳಾಗದು, ಮೇಲೂ ಆಗದು. ಮಾಡಿದವನ ಶ್ರದ್ಧೆಯೇ ಅಲ್ಲಿ ಪ್ರಮಾಣವು.

ಇನ್ನು ಉತ್ತರಪಕ್ಷವು. ಮರುಜನ್ಮವೆಂಬ ಮಾತಿನಲ್ಲಿ ಮೊದಲನೆಯ ಮರೆಮಾಚು ಇರುವದು. ಬಾಟಲಿಯನ್ನು ಬಾಟಲಿಯಾಗಿಯೇ ಮತ್ತೆ ಊದಿದರೆ ಅದು ತಿರುತಿರುಗಿ ಬರಬಹುದು. ಅದನ್ನು ಗಾಲಿಚೆ ಮಾಡಿದರೆ ಎಳೆಗಳ ಬುಡಕ್ಕೆ ಬೇರೊಂದು ಪ್ಲಾಸ್ಟಿಕ್ಕಿನ ಬಟ್ಟೆ, ಅದಕ್ಕೆ ರಬ್ಬರಿನಂಥ ಅಂಟು, ಅಂಟಿಗೆ ಸುಣ್ಣಕಲ್ಲಿನ ಪುಡಿ ಇವೆಲ್ಲ ಸೇರಿ ಬಿಡಿಸಲಾರದ ಗಂಟಾಗುವವು. ಆ ಗಂಟನ್ನು ಬಿಚ್ಚಿ ಪುನಃ ನೂಲು ತೆಗೆಯುವದು ವೆಚ್ಚದ ಕೆಲಸವಾದಕಾರಣ ಬಹುತೇಕ ಗಾಲಿಚೆಗಳಿಗೆ ಮೂರನೆಯ ಜನ್ಮವಿಲ್ಲ. ನಾಯಲಾನಿನ ಒಂದು ಜಾತಿಯನ್ನು ಮಾತ್ರ ಮೂಲದ್ರವ್ಯದ ವರೆಗೆ ಒಡೆದು ಹೊಸದರಂತೆ ಕಟ್ಟಬಹುದು. ಅಮೇರಿಕೆಯ ಜಾರ್ಜಿಯಾ ಪ್ರಾಂತದ ಆಗಸ್ಟಾದಲ್ಲಿ ಹಳೆಯ ಗಾಲಿಚೆಗಳನ್ನು ಹೀಗೆ ಒಡೆಯುವ ದೊಡ್ಡ ಕಾರಖಾನೆಯು 1999ರಲ್ಲಿ ತೆರೆಯಿತು. ಲೆಕ್ಕ ಹೊಂದದೆ 2001ರಲ್ಲಿ ನಿಂತಿತು. ಇಟಲಿಯ ಅಕ್ವಾಫಿಲ್ ಸಂಸ್ಥೆಯು 2011ರಿಂದ ಸ್ಲೊವೇನಿಯದಲ್ಲಿ ಮೀನಿನ ಬಲೆ ಮತ್ತು ಹಳೆಯ ಗಾಲಿಚೆಗಳಿಂದ ಇಂಥ ನಾಯಲಾನನ್ನು ತೆಗೆಯುತ್ತಿರುವದು. ಅಂದರೆ ಕೆಲಸವು ಅಸಾಧ್ಯವಲ್ಲ. ಆದರೆ ಕುಶನೂರಿನ ಪಡಸಾಲೆಯಲ್ಲಿ ಸವೆದ ಹಾಸು ಸ್ಲೊವೇನಿಯಕ್ಕೆ ಹೋಗಲಾರದು. ಅದು ಊರ ಹೊರಗಿನ ತಿಪ್ಪೆಗೇ ಹೋಗುವದು. ಅಜ್ಜಿಯ ಪ್ರಶ್ನೆಯು ಅಲ್ಲಿಯೇ ನಿಂತಿರುವದು.

ಎರಡನೆಯ ದೋಷವು ಕಣ್ಣಿಗೆ ಕಾಣದ್ದು. ತುಳಿತಕ್ಕೆ, ಗುಡಿಸುವದಕ್ಕೆ, ತೊಳೆಯುವದಕ್ಕೆ ಸಿಕ್ಕ ಕೃತಕ ಎಳೆಯು ಮುರಿದು ಧೂಳಾಗುವದು. ಈ ಸೂಕ್ಷ್ಮ ಚೂರುಗಳು ಕಡಲಿನ ಮರಳಿನಲ್ಲಿ ಸೇರಿರುವದನ್ನು ರಿಚರ್ಡ ಥಾಮ್ಸನ್ ಮೊದಲಾದ ಇಂಗ್ಲಂಡದ ವಿಜ್ಞಾನಿಗಳು 2004ರಲ್ಲಿ ತೋರಿಸಿಕೊಟ್ಟರು. ಅಂದಿನಿಂದ ಅವು ನದಿಯಲ್ಲಿ, ಮೀನಿನಲ್ಲಿ, ಮನುಷ್ಯನ ರಕ್ತದಲ್ಲಿ ಕೂಡ ಕಂಡುಬಂದಿರುವವು. ಮನೆಯ ಧೂಳಿನಲ್ಲಿ ಕೃತಕ ಎಳೆಗಳಿರುವದೂ ನಿರ್ವಿವಾದವು. ನೆಲಕ್ಕೆ ಅತ್ಯಂತ ಹತ್ತಿರವಾಗಿ ಉಸಿರಾಡುವದು ಅಂಬೆಗಾಲಿನ ಕೂಸು. ಕೈಯನ್ನು ನೆಲಕ್ಕೆ ಊರಿ ಅದೇ ಕೈಯನ್ನು ಬಾಯಿಗೆ ಒಯ್ಯುವದೂ ಅದೇ. ಇದರಿಂದ ಎಷ್ಟು ಹಾನಿಯೆಂಬ ನಿರ್ಣಯವು ಇನ್ನೂ ಶೋಧನೆಯಲ್ಲಿರುವದಾದರೂ, ಸಂಶಯವಿದ್ದಲ್ಲಿ ಕೂಸಿನ ಪಕ್ಷಕ್ಕೆ ವಾಲುವದು ವಿವೇಕವು. ಬೆಂಕಿಯ ಮಾತು ಇನ್ನೊಂದು. ಉಣ್ಣೆಗೆ ಕಿಡಿ ಬಿದ್ದರೆ ಕರಿಕಾಗಿ ಆರುವದು. ಪಾಲಿಯೆಸ್ಟರು ಕರಗಿ ತೊಟ್ಟಿಕ್ಕುವದು, ಚರ್ಮಕ್ಕೆ ಅಂಟುವದು. ಹಳೆಯ ಹಾಸನ್ನು ತಿಪ್ಪೆಯಲ್ಲಿ ಸುಟ್ಟರೆ ಅದರ ವಿಷದ ಹೊಗೆಯು ಸುಟ್ಟವನ ಮನೆಗೇ ಮರಳುವದು.

ಇಲ್ಲಿ ದರ್ಶನಗಳ ಹಳೆಯದೊಂದು ವಾದವು ನೆನಪಿಗೆ ಬಾರದಿರದು. ಕಾರ್ಯವು ಹುಟ್ಟುವ ಮುಂಚೆಯೇ ಕಾರಣದಲ್ಲಿ ಅಡಗಿರುವದು, ಮಡಕೆಯೆಂಬದು ಮಣ್ಣಿನ ಅವಸ್ಥಾಭೇದವಷ್ಟೇ ಎಂದು ಸಾಂಖ್ಯರು ಹೇಳುವರು. ಹಾಗಲ್ಲ, ಮಡಕೆಯು ಮುಂಚೆ ಇರದ ಹೊಸ ವಸ್ತುವೆಂದು ನೈಯಾಯಿಕರೂ ವೈಶೇಷಿಕರೂ ವಾದಿಸುವರು. ಗಾಲಿಚೆಯನ್ನು ಮಾರುವವನು ತಿಳಿಯದೆಯೇ ನೈಯಾಯಿಕನಾಗಿರುವನು: ಬಾಟಲಿ ಅಳಿಯಿತು, ಅದರ ದೋಷವೂ ಅಳಿಯಿತು, ಈಗಿರುವದು ಬೇರೆ ವಸ್ತು ಎಂಬದು ಅವನ ಮತ. ಗಾಲಿಚೆಯ ಧೂಳಾದರೋ ಸಾಂಖ್ಯರ ಪಕ್ಷವನ್ನು ಹಿಡಿದಿರುವದು: ಬಾಟಲಿಯಲ್ಲಿ ಕೊಳೆಯದಿದ್ದದ್ದು ನೂಲಿನಲ್ಲಿಯೂ ಕೊಳೆಯದು, ನುಗ್ಗಾದ ಮೇಲೂ ಕೊಳೆಯದು. ಸಂಸ್ಕಾರವೆಂದರೆ ಬೇರೊಂದು ಗುಣವನ್ನು ತಂದಿಡುವದೆಂದು ಆಯುರ್ವೇದದ ಮತವು. ಬಾಟಲಿಗೆ ಮೆತ್ತಗಿರುವ ಗುಣವನ್ನು ಕೊಡಲು ಸಾಧ್ಯವಾಯಿತು. ಮಣ್ಣಿನಲ್ಲಿ ಬೆರೆಯುವ ಗುಣವನ್ನು ಕೊಡಲು ಸಾಧ್ಯವಾಗಲಿಲ್ಲ. ಗುಣವು ಬದಲಾಯಿತು, ದ್ರವ್ಯವು ಬದಲಾಗಲಿಲ್ಲ.

ಹಾಗಾದರೆ ಈ ಸಂಸ್ಕಾರವು ವ್ಯರ್ಥವೆ? ವ್ಯರ್ಥವಲ್ಲ, ಅದನ್ನು ಪ್ರಾಯಶ್ಚಿತ್ತವೆಂದು ಕರೆಯುವದು ಯುಕ್ತವು. ಆದರೆ ಪ್ರಾಯಶ್ಚಿತ್ತಕ್ಕೆ ಪಶ್ಚಾತ್ತಾಪವೂ ಬೇಕು, ಪುನಃ ಹಾಗೆ ಮಾಡೆನೆಂಬ ಸಂಕಲ್ಪವೂ ಬೇಕು. ಸಂಕಲ್ಪವಿಲ್ಲದ ಪ್ರಾಯಶ್ಚಿತ್ತಕ್ಕೆ ಶಾಸ್ತ್ರಕಾರರು ಗಜಸ್ನಾನದ ದೃಷ್ಟಾಂತವನ್ನು ಕೊಡುವರು: ಆನೆಯು ಹೊಳೆಯಲ್ಲಿ ಮಿಂದು ದಡಕ್ಕೆ ಬಂದ ಕೂಡಲೆ ಸೊಂಡಿಲಿನಿಂದ ಧೂಳನ್ನು ಮೈಮೇಲೆ ಎರಚಿಕೊಳ್ಳುವದು. ಬಾಟಲಿಗಳು ಗಾಲಿಚೆಯಾಗುವವೆಂಬ ಸಮಾಧಾನದಿಂದ ಮದುವೆಯಲ್ಲಿ ಇನ್ನೆರಡು ಸಾವಿರ ಬಾಟಲಿಗಳನ್ನು ತರಿಸುವವನ ಪುಣ್ಯವು ಇದೇ ಬಗೆಯದು. ಕೆಸರನ್ನು ತುಳಿದು ತೊಳೆದುಕೊಳ್ಳುವದಕ್ಕಿಂತ ದೂರದಿಂದಲೇ ತುಳಿಯದಿರುವದು ಲೇಸೆಂಬ ಪಂಕಪ್ರಕ್ಷಾಲನ ನ್ಯಾಯವೂ ಪ್ರಸಿದ್ಧವಾದದ್ದು. ಕರ್ನಾಟಕ ಸರಕಾರವು 2016ರಲ್ಲಿ ಪ್ಲಾಸ್ಟಿಕ್ ಚೀಲ ಮೊದಲಾದವುಗಳನ್ನು ನಿಷೇಧಿಸಿತು; ಒಮ್ಮೆ ಬಳಸಿ ಬಿಸುಡುವ ಕೆಲವು ಸಾಮಾನುಗಳನ್ನು ಕೇಂದ್ರ ಸರಕಾರವು 2022ನೆಯ ಜುಲೈ 1ರಿಂದ ನಿಷೇಧಿಸಿತು. ನೀರಿನ ಬಾಟಲಿಯು ಆ ಪಟ್ಟಿಯಲ್ಲಿ ಸೇರಲಿಲ್ಲ. ಕಾಯದೆಯು ಬಿಟ್ಟದ್ದನ್ನು ಮನೆಯ ಯಜಮಾನನ ವಿವೇಕವು ಹಿಡಿಯಬೇಕಾಗಿರುವದು.

ಪಶ್ಚಾತ್ತಾಪವು ಉದ್ಯಮಿಗಳಿಗೂ ಬರಬಲ್ಲದೆಂಬದಕ್ಕೆ ಒಂದು ನಿದರ್ಶನವುಂಟು. ಅಮೇರಿಕೆಯ ರೇ ಆಂಡರ್ಸನ್ ಎಂಬವನು 1973ರಲ್ಲಿ ಇಂಟರ್‌ಫೇಸ್ ಎಂಬ ಗಾಲಿಚೆಯ ಕಾರಖಾನೆಯನ್ನು ಸ್ಥಾಪಿಸಿ ದೊಡ್ಡ ಸಿರಿವಂತನಾದನು. 1994ರಲ್ಲಿ, ಭೂಮಿಯ ರಕ್ಷಣೆಗಾಗಿ ಕಂಪನಿಯು ಏನು ಮಾಡುತ್ತಿರುವದೆಂದು ಗಿರಾಕಿಗಳು ಕೇಳಿದಾಗ ಅವನ ಬಳಿಯಲ್ಲಿ ಉತ್ತರವಿರಲಿಲ್ಲ. ಅದೇ ಸಮಯದಲ್ಲಿ ಪಾಲ್ ಹಾಕೆನ್ ಬರೆದ ಗ್ರಂಥವೊಂದು ಅವನ ಕೈಗೆ ಬಂದಿತು. ಅದನ್ನೋದಿದ ಮೇಲೆ ಅವನು ತನ್ನನ್ನು ಭೂಮಿಯ ಲೂಟಿಗಾರನೆಂದು ಸಭೆಗಳಲ್ಲಿ ಬಹಿರಂಗವಾಗಿ ಕರೆದುಕೊಂಡನು. 2020ರೊಳಗಾಗಿ ಪರಿಸರಕ್ಕೆ ತನ್ನ ಕಾರಖಾನೆಯಿಂದಾಗುವ ಹಾನಿಯನ್ನು ಸೊನ್ನೆಗೆ ಇಳಿಸುವ ವ್ರತವನ್ನು ತೊಟ್ಟು, ಹಳೆಯ ನೂಲನ್ನು ಮರಳಿ ಬಳಸಲು ತೊಡಗಿದನು, 2011ರಲ್ಲಿ ತೀರಿಕೊಂಡನು. ಅವನ ಕಾರಖಾನೆಯ ಹಾಸು ಫರಸಿಯಂತೆ ಚೌಕ ಚೌಕವಾದ ತುಂಡುಗಳಾಗಿರುವದು. ಸವೆದ ಒಂದು ತುಂಡನ್ನು ತೆಗೆದು ಇನ್ನೊಂದನ್ನು ಇಟ್ಟರೆ ಸಾಕು, ಇಡೀ ಗಾಲಿಚೆಯನ್ನು ಎಸೆಯಬೇಕಾಗಿಲ್ಲ. ಕೌದಿಗೆ ತೇಪೆ ಹಾಕುವ ಯಾವ ಅಜ್ಜಿಗೂ ಈ ಉಪಾಯದಲ್ಲಿ ಆಶ್ಚರ್ಯವೆನಿಸದು. ಈ ಕಥೆಯಲ್ಲಿ ಮನನೀಯವಾದದ್ದೆಂದರೆ, ಗಿರಾಕಿಯು ಪ್ರಶ್ನೆಯನ್ನು ಕೇಳಿದನು. ಒಡೆಯನು ಉತ್ತರವಿಲ್ಲದ್ದಕ್ಕೆ ನಾಚಿದನು. ಕೇಳುವವರಿಲ್ಲದಿದ್ದರೆ ನಾಚುವವರೂ ಇರುತ್ತಿರಲಿಲ್ಲ.

ಕೌದಿಯ ಧರ್ಮವು ಇದಕ್ಕಿಂತ ಸರಳವು. ಅದಕ್ಕಾಗಿ ಯಾರೂ ಸೀರೆಯನ್ನು ಬೇಗ ಹರಿಯುವದಿಲ್ಲ. ಸೀರೆಯು ಮೈಮೇಲೆ ತನ್ನ ಆಯುಷ್ಯವನ್ನು ಮುಗಿಸಿದ ಮೇಲೆಯೇ ಕೌದಿಗೆ ಬರುವದು; ಕೌದಿಯು ಹರಿದರೆ ಇನ್ನೊಂದು ಕೌದಿಯ ಒಡಲಾಗುವದು; ಕಡೆಗೆ ಎತ್ತಿನ ಬೆನ್ನಿಗೆ, ಒಲೆಯ ಮಸಿಬಟ್ಟೆಗೆ, ಹೊಲದ ಗೊಬ್ಬರಕ್ಕೆ ಹೋಗುವದು. ಮಾಡಿದವಳೇ ಅದನ್ನು ಹಾಸುವಳು. ಹಾಸಿದವಳೇ ತೇಪೆ ಹಾಕುವಳು. ಕಸವನ್ನು ಉಂಟುಮಾಡಿದವರಿಗೂ ಅದನ್ನು ಹೊರುವವರಿಗೂ ಅಲ್ಲಿ ಭೇದವಿಲ್ಲ. ಬಾಟಲಿಯ ಗಾಲಿಚೆಯಲ್ಲಿ ನೀರು ಕುಡಿದವನೊಬ್ಬ, ಆಯ್ದವನೊಬ್ಬ, ಕರಗಿಸಿದವನೊಬ್ಬ, ಮಾರಿದವನೊಬ್ಬ, ಹಾಸಿದವನೊಬ್ಬ, ಕಡೆಗೆ ಅದರ ಹೊಗೆ ಕುಡಿಯುವವನೊಬ್ಬ. ಋಣವು ಇಷ್ಟು ಕೈ ಬದಲಾದರೆ ತೀರಿಸುವವನು ಯಾರೆಂಬದೇ ಮರೆತುಹೋಗುವದು. ಕೌದಿಯೂ ಈಗ ನಿರ್ದೋಷವಾಗಿ ಉಳಿದಿಲ್ಲವೆಂಬದನ್ನು ಮಾತ್ರ ಇಲ್ಲಿ ಒಪ್ಪಿಕೊಳ್ಳಬೇಕು. ಇಂದಿನ ಹಳೆಯ ಸೀರೆಗಳಲ್ಲಿ ಬಹಳಷ್ಟು ಪಾಲಿಯೆಸ್ಟರಿನವು. ಆ ಕೌದಿಯ ಕಡೆಯ ತುಂಡು ಮಣ್ಣಿನಲ್ಲಿ ಕರಗದು.

ನೈಸರ್ಗಿಕ ವಸ್ತುವೆಲ್ಲ ನಿಷ್ಪಾಪವೆಂದು ಹೇಳುವದೂ ಅತಿಶಯೋಕ್ತಿಯಾಗುವದು. ಹತ್ತಿಯ ಬೆಳೆಗೆ ಸುರಿಯುವ ಕೀಟನಾಶಕವೂ ನೀರೂ ಅಲ್ಪವಲ್ಲ. ಕುರಿಯ ಹಿಂಡು ಮೇಯ್ದ ಗುಡ್ಡವು ಬೋಳಾಗುವದುಂಟು. ಆದರೆ ಈ ದೋಷಗಳಿಗೆ ಕೊನೆಯೆಂಬದು ಇರುವದು. ಮಳೆ ಬಂದರೆ ಗುಡ್ಡ ಚಿಗುರುವದು, ಹತ್ತಿಯ ದಾರ ಮಣ್ಣಾಗುವದು. ಹೀಗಿರಲು ಈ ಸೀಮೆಯಲ್ಲಿ ನಡೆದಿರುವ ಒಂದು ವೈಪರೀತ್ಯವನ್ನು ಗಮನಿಸಬೇಕು. ದಖ್ಖನಿ ಉಣ್ಣೆಗೆ ಕೊಳ್ಳುವವರಿಲ್ಲದೆ ಕುರಿಗಾರರು ಅನೇಕ ಕಡೆ ಉಣ್ಣೆಯನ್ನು ಕತ್ತರಿಸಿ ಹಾಗೆಯೇ ಎಸೆದುಬಿಡುತ್ತಿರುವರು. ಮಾಂಸಕ್ಕಾಗಿ ಉಣ್ಣೆಯಿಲ್ಲದ ತಳಿಗಳನ್ನು ಸಾಕುತ್ತಿರುವರು. ಕಂಬಳಿ ನೇಯುವ ಮನೆಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿರುವವು. ಒಂದು ಕಡೆ ಮಣ್ಣಾಗದ ಕಸವನ್ನು ಬಹಳ ಕಷ್ಟದಿಂದ ನೂಲು ಮಾಡುವದು, ಇನ್ನೊಂದು ಕಡೆ ನೂಲಾಗಿಯೇ ಹುಟ್ಟಿದ ಉಣ್ಣೆಯನ್ನು ಕಸ ಮಾಡುವದು—ಈ ಎರಡೂ ಕೆಲಸಗಳು ಒಂದೇ ನಾಡಿನಲ್ಲಿ ಒಂದೇ ಕಾಲದಲ್ಲಿ ನಡೆದಿರುವವು. ಜಾಣತನವು ಹೆಚ್ಚಿತೆಂಬದು ನಿಜ. ವಿವೇಕವು ಹೆಚ್ಚಿತೆಂದು ಹೇಳುವದು ಕಠಿಣ.

ಈ ವಿಚಾರದಲ್ಲಿ ಬಡವರ ಮೇಲೆ ದೋಷವನ್ನು ಹೊರಿಸುವದು ಮಾತ್ರ ಸರ್ವಥಾ ಅನುಚಿತವು. ಒಳ್ಳೆಯ ಕಂಬಳಿಯ ಬೆಲೆಗೆ ಹಲವು ಪ್ಲಾಸ್ಟಿಕ್ ಚಾಪೆಗಳು ಬರುವವು. ತಾಂಡಾದ ಗುಡಿಸಲಲ್ಲಿ ತೇವದ ನೆಲದ ಮೇಲೆ ಕೂಸನ್ನು ಮಲಗಿಸುವ ತಾಯಿಯು ಒಂದು ಬಣ್ಣದ ಚಾಪೆಯನ್ನು ಕೊಂಡರೆ ಅವಳಿಗೆ ಸಾಂಖ್ಯವನ್ನು ಬೋಧಿಸಲು ಯಾರಿಗೂ ಅಧಿಕಾರವಿಲ್ಲ. ಬಾಟಲಿಗಳನ್ನು ಆಯುವವರ ಮಾತನ್ನಂತೂ ಮರೆಯಲಾಗದು. ಮರುಬಳಕೆಯ ಕಾರ್ಯವೆಲ್ಲ ಆರಂಭವಾಗುವದು ತಿಪ್ಪೆಯಲ್ಲಿ ಬರಿಗೈ ಹಾಕುವ ಹೆಂಗಸರಿಂದ, ಹುಡುಗರಿಂದ. ಗಾಲಿಚೆಯ ಚೀಟಿಯಲ್ಲಿ ಬಾಟಲಿಗಳ ಸಂಖ್ಯೆಯನ್ನು ಬರೆಯುವರು. ಆ ಕೈಗಳ ಮಾತನ್ನು ಬರೆಯುವದಿಲ್ಲ. ಇದೇ ಜಿಲ್ಲೆಯ ಕಲ್ಯಾಣದಲ್ಲಿ 12ನೆಯ ಶತಮಾನದಲ್ಲಿ ಬಟ್ಟೆ ಒಗೆಯುವ ಮಾಚಿದೇವನೂ, ಹಗ್ಗ ಹೊಸೆಯುವ ನುಲಿಯ ಚಂದಯ್ಯನೂ ಅನುಭಾವಿಗಳ ಸಾಲಿನಲ್ಲಿ ಕುಳಿತರು. ಕೆಲಸವು ಕೈಯನ್ನು ಹೊಲೆ ಮಾಡದೆಂಬದು ಆ ಕಾಲದ ಮಹಾಶೋಧನೆಯು. ಕಸ ಆಯುವವಳನ್ನು ಬಾಗಿಲ ಹೊರಗೆ ನಿಲ್ಲಿಸಿ, ಅವಳು ಆಯ್ದದ್ದನ್ನು ಬಾಗಿಲ ಒಳಗೆ ಹಾಸಿಕೊಳ್ಳುವ ಮನೆಯು ಕಲ್ಯಾಣದ ಹೆಸರನ್ನು ಹೇಳುವದು ಹೇಗೆ?

ಇಷ್ಟನ್ನೆಲ್ಲ ತೂಗಿ ನೋಡಿದರೆ ಸಿದ್ಧಾಂತವು ಹೀಗೆ ಫಲಿಸುವದು. ಮನೆಯಲ್ಲಿರುವ ಹಾಸು ಇನ್ನೂ ಬಾಳುವಂತಿದ್ದರೆ ಅದೇ ಉತ್ತಮವು. ಹರಿದರೆ ತೇಪೆಯು ಅಪಮಾನವಲ್ಲ. ಹೊಸದು ಬೇಕಾಗಿ, ಕೊಳ್ಳುವ ಶಕ್ತಿಯಿದ್ದರೆ, ಉಣ್ಣೆಯ ಅಥವಾ ಹತ್ತಿಯ ಹಾಸನ್ನು ನೇಯ್ದವರಿಂದ ಕೊಳ್ಳುವದು ಮಧ್ಯಮವಲ್ಲ, ಅದೂ ಉತ್ತಮವೇ. ಕೃತಕ ನೂಲಿನದೇ ಬೇಕೆಂದರೆ, ಕಲ್ಲೆಣ್ಣೆಯಿಂದ ಹೊಸದಾಗಿ ತೆಗೆದದ್ದಕ್ಕಿಂತ ಹಳೆಯದರಿಂದ ಮಾಡಿದ್ದು ನಿಶ್ಚಯವಾಗಿ ಮೇಲು. ಅದರಲ್ಲಿಯೂ ಅಂಟಿನ ಗಂಟಿಲ್ಲದೆ ಒಂದೇ ವಸ್ತುವಿನಿಂದ ನೇಯ್ದದ್ದು ಮೇಲು. ಆದರೆ ಅದನ್ನು ತಂದವನು ಹತ್ತು-ಹದಿನೈದು ವರ್ಷ ಜೋಪಾನ ಮಾಡುವ ಹೊಣೆಯನ್ನೂ ತಂದಂತೆ ತಿಳಿಯಬೇಕು. ಕೂಸು ಆಡುವ ಜಾಗದಲ್ಲಿ ಅದನ್ನು ಹಾಸಬಾರದು, ಸುಡಬಾರದು, ದನದ ಬಾಯಿಗೆ ಸಿಗುವಂತೆ ಬಿಸುಡಬಾರದು. ತಿಪ್ಪೆಯಲ್ಲಿ ಮೇಯ್ದ ದನಗಳ ಹೊಟ್ಟೆಯಿಂದ ಪಶುವೈದ್ಯರು ಪ್ಲಾಸ್ಟಿಕ್ಕಿನ ಮುದ್ದೆಗಳನ್ನು ತೆಗೆಯುತ್ತಿರುವದು ಈಗ ಅಪೂರ್ವ ಸಂಗತಿಯಲ್ಲ. ಇನ್ನು ಸಭೆ-ಮದುವೆಗಳಲ್ಲಿ ಒಂದು ದಿನ ಹಾಸಿ ಮರುದಿನ ಎಸೆಯುವ, ನೆಯ್ಗೆಯಿಲ್ಲದೆ ಸೂಜಿಯಿಂದ ಚುಚ್ಚಿ ಹೆಣೆದ ಕೆಂಪು ಹಾಸು ಮರುಬಳಕೆಯ ನೂಲಿನದಾದರೂ ಅಧಮವೇ ಸರಿ. ಹಳೆಯದಾದ ಮೇಲೆ ಮರಳಿ ಒಯ್ಯುವಿರಾ ಎಂದು ಅಂಗಡಿಯವನನ್ನು ಕೇಳುವದು ಗಿರಾಕಿಯ ಹಕ್ಕಷ್ಟೇ ಅಲ್ಲ, ಧರ್ಮವೂ ಅಹುದು. ಒಬ್ಬನು ಕೇಳಿದರೆ ಅಂಗಡಿಯವನು ನಗುವನು; ನೂರು ಜನ ಕೇಳಿದರೆ ಕಾರಖಾನೆಗೆ ಪತ್ರ ಬರೆಯುವನು.

ಕಲ್ಪಿಸಿಕೊಂಡ ಆ ಮನೆಯ ಕಥೆಯನ್ನು ಅರ್ಧಕ್ಕೆ ಬಿಡುವದು ಸರಿಯಲ್ಲ. ತಂದ ಗಾಲಿಚೆಯನ್ನು ಎಸೆದರೆ ದೋಷವು ಇಮ್ಮಡಿಸುವದೆಂಬದು ಅಜ್ಜಿಗೂ ತಿಳಿದಿರುವದು. ಅದನ್ನು ಬೀಗರು ಕೂಡುವ ಹೊರಗಿನ ಕೋಣೆಗೆ ಹಾಸಿ, ಬಿಸಿಲು-ಕೆಸರು ತಾಗದಂತೆ ನೋಡಿಕೊಳ್ಳಲು ಮನೆಯವರು ಒಪ್ಪಿದರು. ಮದುವೆಯ ಚಪ್ಪರದಲ್ಲಿ ಬಾಟಲಿಗಳ ಪೆಟ್ಟಿಗೆಗಳಿಗೆ ಬದಲಾಗಿ ಹಂಡೆ-ತಂಬಿಗೆಗಳನ್ನು ಇಡಲು ಮಗನು ತಾನಾಗಿಯೇ ಒಪ್ಪಿದನು. ತಂಬಿಗೆ ತೊಳೆಯುವ ಕೆಲಸವು ಹೆಚ್ಚಾಗುವದೆಂದು ಸೊಸೆಯು ಆಡಿದ ಮಾತು ನ್ಯಾಯವೆಂದು ತೋರಿ, ಅದನ್ನು ಗಂಡಸರೇ ಮಾಡತಕ್ಕದ್ದೆಂದು ನಿಶ್ಚಯವಾಯಿತು. ಕೂಸಿಗಾಗಿ ಅಜ್ಜಿಯು ಪೆಟ್ಟಿಗೆಯ ತಳದಿಂದ ತನ್ನ ಹತ್ತಿಯ ಇಳಕಲ್ಲ ಸೀರೆಗಳನ್ನು ತೆಗೆದು ಹೊಲಿಗೆಗೆ ಕುಳಿತಳು. ಕಣ್ಣು ಮಂಜಾದಕಾರಣ ಸೂಜಿಗೆ ದಾರ ಪೋಣಿಸಲು ಅವಳಿಗೆ ಆಗುತ್ತಿಲ್ಲ. ಸೊಸೆಯು ಪೋಣಿಸಿ ಕೊಡುವಳು. ಹೊಲಿಗೆಯನ್ನು ಕಲಿಯುವ ಮನಸ್ಸು ಸೊಸೆಗೆ ಆಗುವದೊ ಇಲ್ಲವೊ ಎಂಬದರ ಮೇಲೆ ಅಜ್ಜಿಯ ಪ್ರಶ್ನೆಗೆ ಉತ್ತರವು ಬಹಳಮಟ್ಟಿಗೆ ನಿಂತಿರುವದು.